ಮಕ್ಕಳ ವಿದ್ಯಾಲಯ ಪ್ರವೇಶವೂ ತಂದೆತಾಯಿಗಳ ಕರ್ತವ್ಯವೂ
(ಶ್ರೀಮಠದ ಸುವರ್ಣಮಹೋತ್ಸವದ ಪಾಲಕರ ಗೋಷ್ಠಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಮಾಡಿದ ಭಾಷಣ)

ಈ ಮಹೋತ್ಸವದಲ್ಲಿ ಶಾಸ್ತ್ರಾರ್ಥಗಳನ್ನು ಬಲ್ಲ ಪಂಡಿತರು ಮಾತನಾಡಿರುವರು. ನಾನು ಪಂಡಿತನಲ್ಲ, ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು. ಆದುದರಿಂದ ನನಗೆ ತಿಳಿದ ವಿಷಯವನ್ನೇ ಎತ್ತಿಕೊಳ್ಳುತ್ತೇನೆ. ಐದನೆಯ ತರಗತಿಯಲ್ಲಿರುವ ಮಗುವನ್ನು ಮುಂದೆ ಎಲ್ಲಿಗೆ ಕಳುಹಿಸಬೇಕು, ಅದಕ್ಕಾಗಿ ಮನೆಯವರು ಮಾಡತಕ್ಕದ್ದೇನು ಎಂಬುದೇ ಆ ವಿಷಯವು.

ಬಡವರ ಮಕ್ಕಳಿಗೆ ವಿದ್ಯೆಯ ಬಾಗಿಲನ್ನು ತೆರೆದುದರಲ್ಲಿ ಮಠಗಳ ಮತ್ತು ದಾನಿಗಳ ಪಾಲು ಬಹು ದೊಡ್ಡದು. ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿ ಬಿಟ್ಟುಹೋದರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಏಳು ಮಂದಿಯನ್ನು ನಾಡು ಸಪ್ತರ್ಷಿಗಳೆಂದು ಇಂದಿಗೂ ನೆನೆಯುತ್ತದೆ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ೨೦೧೯ರಲ್ಲಿ ಲಿಂಗೈಕ್ಯರಾಗುವವರೆಗೂ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ನಡೆಸಿದರು. ಆ ಕಾಲದ ತಂದೆಯು ಮಗನ ಕೈಹಿಡಿದು ಮಠಕ್ಕೆ ಬಂದು, ಸ್ವಾಮಿಗಳ ಮುಂದೆ ನಿಲ್ಲಿಸಿದರೆ ಸಾಕಾಗಿತ್ತು. ಇಂದು ಸರ್ಕಾರದ ವಸತಿಶಾಲೆಗಳೂ ಅನೇಕವಿವೆ. ಆದರೆ ಅವುಗಳ ಬಾಗಿಲಲ್ಲಿ ಅರ್ಜಿ, ಪ್ರಮಾಣಪತ್ರ, ಪ್ರವೇಶಪರೀಕ್ಷೆ ಎಂಬ ಮೂರು ಹೊಸ್ತಿಲುಗಳಿವೆ. ಮೂರನೆಯದನ್ನು ದಾಟಬೇಕಾದುದು ಮಗು. ಮೊದಲಿನ ಎರಡನ್ನು ದಾಟಿಸಬೇಕಾದವರು ನಾವು.

ನಮ್ಮ ನಾಡಿನಲ್ಲಿ ಮೊರಾರ್ಜಿ ದೇಸಾಯಿ ವಸತಿಶಾಲೆಗಳಿವೆ. ಕಿತ್ತೂರು ರಾಣಿ ಚೆನ್ನಮ್ಮ ವಸತಿಶಾಲೆಗಳಿವೆ. ವಿಜಯಪುರದಲ್ಲಿ ೧೯೬೩ರಿಂದ ಸೈನಿಕ ಶಾಲೆಯಿದೆ. ಎಲ್ಲವನ್ನೂ ವಿವರಿಸಲು ಸಮಯ ಸಾಲದು. ಹಳ್ಳಿಯವರು ಹೆಚ್ಚಾಗಿ ಕೇಳುವ ನವೋದಯ ವಿದ್ಯಾಲಯವನ್ನೇ ನಿದರ್ಶನವಾಗಿ ತೆಗೆದುಕೊಳ್ಳುತ್ತೇನೆ. ೧೯೮೬ರ ರಾಷ್ಟ್ರೀಯ ಶಿಕ್ಷಣನೀತಿಯಿಂದ ಹುಟ್ಟಿದ ಈ ವಿದ್ಯಾಲಯಗಳ ಮುಖ್ಯೋದ್ದೇಶವು ಗ್ರಾಮಾಂತರದ ಬುದ್ಧಿವಂತ ಮಕ್ಕಳಿಗೆ ಉತ್ತಮ ಶಿಕ್ಷಣವನ್ನು ಒದಗಿಸುವುದು. ಊಟ, ವಸತಿ, ಸಮವಸ್ತ್ರ, ಪಠ್ಯಪುಸ್ತಕಗಳು ಉಚಿತ. ಸ್ಥಾನಗಳಲ್ಲಿ ನೂರಕ್ಕೆ ೭೫ಕ್ಕೆ ಕಡಮೆಯಿಲ್ಲದಂತೆ ಗ್ರಾಮಾಂತರದವರಿಗೆ, ಮೂರರಲ್ಲಿ ಒಂದು ಪಾಲಿಗೆ ಕಡಮೆಯಿಲ್ಲದಂತೆ ಹೆಣ್ಣುಮಕ್ಕಳಿಗೆ ಸಲ್ಲತಕ್ಕದ್ದು.

ಇಲ್ಲಿ ಪಾಲಕರು ತಿಳಿಯದೆ ಮಾಡುವ ಎರಡು ತಪ್ಪುಗಳನ್ನು ಹೇಳಲೇಬೇಕು. ಮೊದಲನೆಯದು: ಮಗು ಮೂರು, ನಾಲ್ಕು, ಐದನೆಯ ತರಗತಿಗಳನ್ನು ಪೂರ್ಣವಾಗಿ ಹಳ್ಳಿಯ ಶಾಲೆಗಳಲ್ಲಿಯೇ ಓದಿದ್ದರೆ ಮಾತ್ರ ಗ್ರಾಮಾಂತರದ ಮೀಸಲು ದೊರೆಯುವುದು. ಪರೀಕ್ಷೆಗೆ ತಯಾರಿ ಚೆನ್ನಾಗಿ ಆಗಲೆಂದು ಹೊಲ ಅಡವಿಟ್ಟು, ನಾಲ್ಕನೆಯ ತರಗತಿಗೇ ಮಗುವನ್ನು ಪಟ್ಟಣದ ಶಾಲೆಗೆ ಸೇರಿಸುವವರನ್ನು ಕಂಡಿದ್ದೇನೆ. ಯಾವ ಮೀಸಲಿನ ಬಲ ಆ ಮಗುವಿಗೆ ಹುಟ್ಟಿನಿಂದ ಬಂದಿತ್ತೋ, ಅದನ್ನು ಅವರು ಹಣಕೊಟ್ಟು ಕಳೆದುಕೊಂಡಂತಾಯಿತು. ಎರಡನೆಯದು: ಇನ್ನೊಂದು ವರ್ಷ ಓದಿದರೆ ಗಟ್ಟಿಯಾದಾನೆಂದು ಮಗುವನ್ನು ಐದರಲ್ಲಿಯೇ ಉಳಿಸಿಕೊಳ್ಳುವುದು. ಈ ಪರೀಕ್ಷೆಗೆ ಒಂದೇ ಸಲ ಕುಳಿತುಕೊಳ್ಳಬಹುದು. ಎರಡನೆಯ ಸಲ ಅವಕಾಶವಿಲ್ಲ.

ಇನ್ನು ಪರೀಕ್ಷೆಯ ಸ್ವರೂಪ. ಎರಡು ಗಂಟೆಗಳ ಕಾಲ, ೮೦ ಪ್ರಶ್ನೆಗಳು, ೧೦೦ ಅಂಕಗಳು. ಅವುಗಳಲ್ಲಿ ಬುದ್ಧಿಸಾಮರ್ಥ್ಯದವು ೪೦, ಅಂಕಗಣಿತದವು ೨೦, ಭಾಷೆಯವು ೨೦. ಕನ್ನಡದಲ್ಲಿಯೇ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿಯಿಲ್ಲವಾದುದರಿಂದ ಯಾವ ಪ್ರಶ್ನೆಯನ್ನೂ ಬಿಡದಂತೆ ಮಗುವಿಗೆ ಹೇಳಿಕೊಡತಕ್ಕದ್ದು. ಇದಕ್ಕೆ ಸಾವಿರಾರು ರೂಪಾಯಿಗಳ ಪಾಠವೇ ಬೇಕೆಂಬುದು ಭ್ರಮೆ. ಸಂತೆಯಿಂದ ಬಂದ ತಾಯಿಯು ಕಾಯಿಪಲ್ಲೆಯ ಲೆಕ್ಕವನ್ನು ಮಗುವಿನಿಂದ ಬಾಯಲ್ಲಿಯೇ ಮಾಡಿಸಲಿ. ಸಂಜೆ ಲಿಂಗಪೂಜೆಯಾದ ಮೇಲೆ ಮಗುವು ಒಂದು ವಚನವನ್ನೋ ಒಂದು ಕಥೆಯನ್ನೋ ಗಟ್ಟಿಯಾಗಿ ಓದಲಿ, 'ಇದರ ಅರ್ಥವೇನಪ್ಪಾ?' ಎಂದು ತಂದೆ ಕೇಳಲಿ. ಅಕ್ಷರ ಬಾರದ ತಂದೆಯೂ ಈ ಪ್ರಶ್ನೆಯನ್ನು ಕೇಳಬಲ್ಲನು. ಆಕೃತಿಗಳನ್ನು ಹೋಲಿಸುವ ಪ್ರಶ್ನೆಗಳಿಗೆ ಹಳೆಯ ಪ್ರಶ್ನಪತ್ರಿಕೆಗಳಿವೆ. ದಿನಕ್ಕೆ ಅರ್ಧ ಗಂಟೆಯ ಅಭ್ಯಾಸ ಸಾಕು. ವಾರಕ್ಕೊಮ್ಮೆ ಗಡಿಯಾರವನ್ನು ಮುಂದಿಟ್ಟು, ಉತ್ತರಪತ್ರಿಕೆಯ ವೃತ್ತಗಳನ್ನು ತುಂಬುವುದನ್ನು ರೂಢಿ ಮಾಡಿಸಿರಿ. ಉತ್ತರ ತಿಳಿದೂ ಬೇರೆ ಸಾಲಿನ ವೃತ್ತವನ್ನು ತುಂಬಿ ಅಂಕ ಕಳೆದುಕೊಳ್ಳುವ ಮಕ್ಕಳು ಕಡಮೆಯಿಲ್ಲ.

ಮಹಾಜನರೇ, ಈಗ ನನ್ನದೇ ಒಂದು ತಪ್ಪನ್ನು ಈ ಪವಿತ್ರ ಸ್ಥಾನದಲ್ಲಿ ಒಪ್ಪಿಕೊಳ್ಳಬೇಕಾಗಿದೆ. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಐದನೆಯ ತರಗತಿಯಲ್ಲಿ ಕೂಲಿಕಾರನೊಬ್ಬನ ಮಗಳಿದ್ದಳು. ಬಾಯಿಲೆಕ್ಕದಲ್ಲಿ ಅವಳನ್ನು ಮೀರಿಸುವವರು ಶಾಲೆಯಲ್ಲಿ ಇರಲಿಲ್ಲ. ನವೋದಯದ ಅರ್ಜಿಯೊಂದಿಗೆ ಮುಖ್ಯೋಪಾಧ್ಯಾಯರ ಸಹಿಯುಳ್ಳ ಪ್ರಮಾಣಪತ್ರವು ಬೇಕಾಗುವುದು. ಅದಕ್ಕಾಗಿ ತಂದೆ ಎರಡು ಸಲ ಬಂದನು. 'ಇನ್ನೂ ದಿನಗಳಿವೆಯಪ್ಪಾ, ನಾಳೆ ಬಾ' ಎಂದು ಎರಡು ಸಲವೂ ಕಳುಹಿಸಿದೆ. ಅವನು ಆ ದಿನದ ಕೂಲಿಯನ್ನು ಬಿಟ್ಟು ಬಂದಿದ್ದನೆಂಬುದು ನನ್ನ ಮನಸ್ಸಿಗೆ ಬರಲಿಲ್ಲ. ಕಡೆಯ ದಿನ ಸಹಿ ಹಾಕಿದೆ. ಪಟ್ಟಣದಲ್ಲಿ ಅರ್ಜಿ ತುಂಬಲು ಕುಳಿತಾಗ, ಆಧಾರ್ ಚೀಟಿಯ ಜನ್ಮದಿನಾಂಕಕ್ಕೂ ಶಾಲೆಯ ದಾಖಲೆಗೂ ವ್ಯತ್ಯಾಸ ಕಂಡುಬಂದಿತು. ಅದನ್ನು ತಿದ್ದಿಸಲು ಕಾಲ ಉಳಿದಿರಲಿಲ್ಲ, ಅರ್ಜಿ ಹೋಗಲಿಲ್ಲ. ಮರುದಿನ ಆ ಹುಡುಗಿ ನಗುನಗುತ್ತಲೇ, 'ಇರಲಿ ಬಿಡ್ರಿ ಗುರುಗಳ, ಬರೋ ವರ್ಷ ಬರೀತೇನ್ರಿ' ಎಂದಳು. ಈ ಪರೀಕ್ಷೆಗೆ ಬರುವ ವರ್ಷವೆಂಬುದಿಲ್ಲವೆಂದು ನಾನೇ ಅವಳಿಗೆ ಹೇಳಬೇಕಾಯಿತು. ಆ ಹುಡುಗಿ ಪರೀಕ್ಷೆಯಲ್ಲಿ ಸೋತವಳಲ್ಲ. ನನ್ನ ಎರಡು 'ನಾಳೆ'ಗಳಿಂದ ಸೋತವಳು. ಕಾಯಕದಲ್ಲಿ ಆಲಸ್ಯ ಮಾಡಿದವನ ಪಾಪವು ಇನ್ನೊಬ್ಬರ ತಲೆಯ ಮೇಲೆ ಬೀಳುವುದೆಂಬುದನ್ನು ಅಂದು ಕಲಿತೆನು.

ಆದುದರಿಂದ ಪಾಲಕರಲ್ಲಿ ನನ್ನ ಮೊದಲ ಪ್ರಾರ್ಥನೆಯಿದು: ಮಗು ನಾಲ್ಕನೆಯ ತರಗತಿಯಲ್ಲಿರುವಾಗಲೇ ಜನ್ಮಪತ್ರ, ಆಧಾರ್, ಶಾಲೆಯ ದಾಖಲೆ ಇವು ಮೂರರಲ್ಲಿಯೂ ಹೆಸರೂ ದಿನಾಂಕವೂ ಒಂದೇ ಆಗಿವೆಯೋ ಎಂದು ನೋಡಿಕೊಳ್ಳಿರಿ. ಜಾತಿ, ಆದಾಯಗಳ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮುಂಚಿತವಾಗಿ ಪಡೆದಿಡಿರಿ. ಮೊರಾರ್ಜಿ ಶಾಲೆಗಳಿಗೂ ಅವು ಬೇಕಾಗುವುವು. ಉಪಾಧ್ಯಾಯರು 'ನಾಳೆ' ಎಂದರೆ, ವಿನಯದಿಂದಲೇ, ಅಲ್ಲಿಯೇ ಕುಳಿತುಕೊಳ್ಳಿರಿ.

ಎರಡನೆಯ ಪ್ರಾರ್ಥನೆಯು ಫಲಿತಾಂಶದ ದಿನಕ್ಕೆ ಸಂಬಂಧಿಸಿದುದು. ಒಂದು ನವೋದಯದಲ್ಲಿ ಆರನೆಯ ತರಗತಿಗೆ ಹೆಚ್ಚೆಂದರೆ ೮೦ ಮಕ್ಕಳಿಗೆ ಸ್ಥಳ. ಪರೀಕ್ಷೆ ಬರೆಯುವವರು ಜಿಲ್ಲೆಯೆಲ್ಲದರ ಮಕ್ಕಳು. ಆಯ್ಕೆಯಾಗದವರೇ ಹೆಚ್ಚು ಮಂದಿ ಇರುವರೆಂಬುದು ಪರೀಕ್ಷೆಗೆ ಮೊದಲೇ ನಿಶ್ಚಿತವಾದ ಸಂಗತಿ. ಪರೀಕ್ಷೆಯು ಸ್ಥಾನಗಳನ್ನು ಹಂಚುವ ಸಾಧನವೇ ಹೊರತು ಮಗುವನ್ನು ತೂಗುವ ತಕ್ಕಡಿಯಲ್ಲ. ಹತ್ತು ವರ್ಷದ ಕೂಸಿಗೆ 'ನಮ್ಮ ಮಾನ ಕಳೆದೆ' ಎನ್ನುವ ತಂದೆಯು ಆ ದಿನ ಕಳೆದುಕೊಳ್ಳುವುದು ಸ್ಥಾನಕ್ಕಿಂತ ದೊಡ್ಡದು. ಖಾಲಿ ಉಳಿದ ಸ್ಥಾನಗಳಿಗೆ ಒಂಬತ್ತನೆಯ ತರಗತಿಯಲ್ಲಿ ಬೇರೊಂದು ಪರೀಕ್ಷೆಯುಂಟು, ಊರಿನ ಪ್ರೌಢಶಾಲೆಯುಂಟು, ಈ ಶ್ರೀಮಠದ ಪ್ರಸಾದನಿಲಯವುಂಟು. ನಾನು ಹೇಳಿದ ಆ ಹುಡುಗಿಯೂ ಊರ ಶಾಲೆಯಲ್ಲಿಯೇ ಓದನ್ನು ಮುಂದುವರಿಸಿದಳು. ಅದು ಅವಳ ಸತ್ತ್ವ. ಅದರಿಂದ ನನ್ನ ದೋಷ ತೊಳೆದುಹೋಗದು.

ಕೊನೆಯದಾಗಿ ಪೂಜ್ಯರ ಪಾದಗಳಲ್ಲಿ ಒಂದು ಬಿನ್ನಹ. ಪ್ರತಿವರ್ಷ ಅರ್ಜಿಗಳ ಕಾಲದಲ್ಲಿ ಶ್ರೀಮಠದ ಅಂಗಳದಲ್ಲಿ, ಜಾತಿಮತಗಳ ಭೇದವಿಲ್ಲದೆ ಬಂದವರೆಲ್ಲರ ಕಾಗದಪತ್ರಗಳನ್ನು ನೋಡಿ, ಅರ್ಜಿ ತುಂಬಿಕೊಡುವ ಏರ್ಪಾಟಾಗಲಿ. ನಿವೃತ್ತ ಶಿಕ್ಷಕರೂ ಪ್ರಸಾದನಿಲಯದ ಹಿರಿಯ ವಿದ್ಯಾರ್ಥಿಗಳೂ ಸೇರಿದರೆ ಇದು ಕಷ್ಟವಲ್ಲ. ಹಸಿದವನಿಗೆ ಅನ್ನವಿಕ್ಕುವುದು ಹೇಗೆ ದಾಸೋಹವೋ, ಅರಿಯದವನ ಅರ್ಜಿಯನ್ನು ವೇಳೆಗೆ ಮುಟ್ಟಿಸುವುದೂ ಹಾಗೆಯೇ ದಾಸೋಹವು. ಅಪ್ಪಣೆಯಾದರೆ ಮೊದಲ ದಿನ ಮೊದಲ ಚಾಪೆಯ ಮೇಲೆ ನಾನು ಕುಳಿತಿರುವೆನು. ಯಾವ ತಂದೆಗೂ 'ನಾಳೆ ಬಾ' ಎನ್ನೆನು.