ಗ್ರಹಣದ ಸಂಜೆ, ನೀಲ್ ದ್ವೀಪದಲ್ಲಿ



ಡಿಸೆಂಬರ್ ರಜೆ ಹತ್ತಿರ ಬಂತೆಂದರೆ ನಮ್ಮ ಸ್ಟುಡಿಯೋಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ಖಾಯಂ. "ಸಾರ್, ಅಂಡಮಾನ್‌ಗೆ ಹೋಗೋಣ ಅಂತಿದ್ದೀವಿ. ನೀವು ಹೋಗಿ ಬಂದಿದ್ದೀರಂತಲ್ಲ, ಹೇಗಿದೆ?" ಚೆನ್ನೈಯಲ್ಲಿರುವ ನಮಗೆ ಅಂಡಮಾನ್ ಒಂಥರಾ ಪಕ್ಕದ ಮನೆ. ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ. ಹಡಗಿನಲ್ಲಾದರೆ ಸುಮಾರು 1,200 ಕಿಲೋಮೀಟರ್, ಎರಡೂವರೆ ಮೂರು ದಿನ. ಹಾಡುಗಳ ನಡುವಿನ ಒಂದು ನಿಮಿಷದಲ್ಲಿ ಇದಕ್ಕೆ ಉತ್ತರ ಹೇಳಲಾಗದೆ "ಚೆನ್ನಾಗಿದೆ, ಹೋಗಿ ಬನ್ನಿ" ಅಂದುಬಿಡುತ್ತೇನೆ. ಇವತ್ತು ಸ್ವಲ್ಪ ಸಮಯ ಸಿಕ್ಕಿದೆ. ಹೋಟೆಲ್ ಯಾವುದು, ಊಟ ಎಲ್ಲಿ ಎನ್ನುವುದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಒಂದು ಸಂಜೆಯ ಸಂಗತಿ ಹೇಳುತ್ತೇನೆ.

2011ರ ಡಿಸೆಂಬರ್. ನಾನು ಮೈಸೂರಿನಲ್ಲಿ ಕನ್ನಡ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಸೆಮಿಸ್ಟರ್ ಪರೀಕ್ಷೆ ಮುಗಿಸಿ ಹಾಸ್ಟೆಲ್ಲಿನ ನಾಲ್ವರು ಹೊರಟೆವು. ಹಾಸ್ಟೆಲ್ಲಿನಲ್ಲಿ ಹೆಸರು ಹಿಡಿದು ಯಾರು ಕರೆಯುತ್ತಾರೆ ಹೇಳಿ? ಒಬ್ಬ ಕುಂದಾಪುರ, ಒಬ್ಬ ಮಂಡ್ಯ, ಒಬ್ಬ ಧಾರವಾಡ. ವಿಮಾನಕ್ಕೆ ದುಡ್ಡಿರಲಿಲ್ಲ. ಚೆನ್ನೈ ಬಂದರಿನಿಂದ ಹಡಗು, ಅದರಲ್ಲೂ ಬಂಕ್ ಕ್ಲಾಸ್. ಮೊದಲ ರಾತ್ರಿಯೇ ಮಂಡ್ಯದವನು ಮಲಗಿದವನು ಪೋರ್ಟ್ ಬ್ಲೇರ್ ಬರುವವರೆಗೆ ಏಳಲಿಲ್ಲ. ಹಡಗಿನ ವಿಷಯ ಇಷ್ಟು ಸಾಕು, ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ತೊಳೆಸುತ್ತದೆ.

ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರು. ಅಲ್ಲಿ ಸೆಲ್ಯುಲರ್ ಜೈಲು ನೋಡಿದೆವು. ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರೇ. ಸಿಪ್ಪಿಘಾಟ್‌ನಲ್ಲಿ ಉಪ್ಪುನೀರು ನಿಂತ ಗದ್ದೆಗಳನ್ನು ನೋಡಿದೆವು. 2004ರ ಭೂಕಂಪದಲ್ಲಿ ಅಲ್ಲಿ ನೆಲವೇ ಒಂದು ಮೀಟರಿನಷ್ಟು ಕುಸಿದು, ಭತ್ತ ಬೆಳೆಯುತ್ತಿದ್ದ ಕಡೆ ಸಮುದ್ರ ಬಂದು ಕೂತಿದೆ. ಅದನ್ನು ಕಣ್ಣಾರೆ ಕಂಡೂ ನಾವು ನೀರಿನ ವಿಷಯದಲ್ಲಿ ಏನೂ ಕಲಿಯಲಿಲ್ಲ ಎನ್ನುವುದು ಮುಂದೆ ನಿಮಗೇ ಗೊತ್ತಾಗುತ್ತದೆ.

ಅಲ್ಲಿಂದ ಸರ್ಕಾರಿ ದೋಣಿಯಲ್ಲಿ ನೀಲ್ ದ್ವೀಪಕ್ಕೆ ಸುಮಾರು ಎರಡು ಗಂಟೆ. 2018ರಲ್ಲಿ ಅದಕ್ಕೂ ಹೆಸರು ಬದಲಾಗಿ ಶಹೀದ್ ದ್ವೀಪ ಎಂದಾಗಿದೆ. ಚಿಕ್ಕ ದ್ವೀಪ. ಬಂಗಾಳದಿಂದ ಬಂದು ನೆಲೆಸಿದ ರೈತರ ಊರು. ಎಲ್ಲಿ ನೋಡಿದರೂ ತರಕಾರಿ ತೋಟ, ಬಾಳೆ, ಅಡಿಕೆ. ಊರುಗಳ ಹೆಸರು ಕೇಳಿದರೆ ರಾಮಾಯಣ ಓದಿದ ಹಾಗಾಗುತ್ತದೆ: ಸೀತಾಪುರ, ಭರತ್‌ಪುರ, ರಾಮನಗರ, ಲಕ್ಷ್ಮಣಪುರ. ಪಾಪ, ಶತ್ರುಘ್ನನ ಹೆಸರಿನ ಬೋರ್ಡು ಮಾತ್ರ ನಮ್ಮ ಕಣ್ಣಿಗೆ ಬೀಳಲಿಲ್ಲ. ಬಾಡಿಗೆ ಸೈಕಲ್ಲಿನಲ್ಲಿ ಎರಡು ದಿನ ಸುತ್ತಿದೆವು.

ಡಿಸೆಂಬರ್ 10, ಹುಣ್ಣಿಮೆ. ಅಂದು ಸಂಜೆ ಖಗ್ರಾಸ ಚಂದ್ರಗ್ರಹಣ. ಲಕ್ಷ್ಮಣಪುರದ ಎರಡನೇ ಕಡಲತೀರದಲ್ಲಿ ಸಮುದ್ರ ಕೊರೆದು ಮಾಡಿದ ಒಂದು ಕಲ್ಲಿನ ಕಮಾನಿದೆ. ಬಂಗಾಳಿಗಳ ಊರಲ್ಲವೇ, ಅದಕ್ಕೆ ಹೌರಾ ಸೇತುವೆ ಎನ್ನುತ್ತಾರೆ. ಇಳಿತವಿದ್ದಾಗ ಮಾತ್ರ ನಡೆದು ಹೋಗಬಹುದು. ನಾವು ಹೋದಾಗ ಮಧ್ಯಾಹ್ನ ಮೂರೂವರೆ. ನೀರು ದೂರ ಸರಿದು ಹವಳದ ಕಲ್ಲುಗಳೆಲ್ಲ ಬಯಲಾಗಿದ್ದವು. ಕಲ್ಲಿನ ಗುಂಡಿಗಳಲ್ಲಿ ನೀಲಿ ಮೀನು, ನಕ್ಷತ್ರಮೀನು, ಕಪ್ಪು ಸೌತೆಕಾಯಿಯಂತೆ ಬಿದ್ದಿರುವ ಒಂದು ಪ್ರಾಣಿ. ನೋಡುತ್ತಾ ನೋಡುತ್ತಾ ಕಮಾನನ್ನೂ ದಾಟಿ ಹೊರಗಿನ ಬಂಡೆಗಳವರೆಗೆ ಹೋದೆವು.

ಇಲ್ಲಿ ಒಂದು ವಿಷಯ. ಅಂಡಮಾನ್ ನಮಗಿಂತ ಬಹಳ ಪೂರ್ವದಲ್ಲಿದೆ, ಗಡಿಯಾರ ಮಾತ್ರ ನಮ್ಮದೇ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಕತ್ತಲಾಗುತ್ತಿದೆ, ಹೋಗೋಣ ಎಂದೆ. ಧಾರವಾಡದವನು ಕ್ಯಾಮೆರಾ ಹಿಡಿದು ಕೂತಿದ್ದ. "ಆರೂಕಾಲಕ್ಕ ಗ್ರಹಣ ಹಿಡೀತದ, ಇಷ್ಟು ಛಲೋ ಜಾಗಾ ಬಿಟ್ಟು ಎಲ್ಲಿ ಹೋಗ್ತಿ?" ನೀರು ಬರುತ್ತದಲ್ಲ ಎಂದರೆ ಕುಂದಾಪುರದವನು, "ಕಡ್ಲ್ ಕಂಡೇ ಬೆಳ್ದವ ನಾನ್, ಹೆದ್ರ್‌ಬೇಡಿ ಮರಾಯ್ರೆ" ಎಂದ. ಐದು ಗಂಟೆಯವರೆಗೂ ನೀರು ಏರಿದ್ದೇ ಗೊತ್ತಾಗಿರಲಿಲ್ಲ. ಹಾಗಾಗಿ ನಾನೂ ಕೂತೆ.

ಚಂದ್ರನ ಅಂಚು ಕಪ್ಪಾಗತೊಡಗಿತು. ನಾಲ್ವರೂ ಮೇಲೆ ನೋಡುತ್ತಿದ್ದೆವು. ಕೆಳಗೆ ನೋಡಿದವನು ಮಂಡ್ಯದವನೊಬ್ಬನೇ. ಏಕೆಂದರೆ ಅವನಿಗೆ ಈಜು ಬರುವುದಿಲ್ಲ. "ಲೇ, ಹಿಂದ್ಗಡೆ ನೀರು ಬತ್ತಾ ಐತೆ ಕಣ್ರಲಾ!"

ನೀರು ಅಲೆಯಾಗಿ ಮುಂದಿನಿಂದ ಬರುತ್ತದೆ ಎಂದುಕೊಂಡಿದ್ದೆವು. ಅದು ಬಂಡೆಯ ಪಕ್ಕದಿಂದ ಸದ್ದಿಲ್ಲದೆ ಸುತ್ತಿಬಂದು, ನಮಗೂ ದಡಕ್ಕೂ ನಡುವೆ ಇದ್ದ ತಗ್ಗನ್ನು ಮೊದಲು ತುಂಬಿತ್ತು. ಬರುವಾಗ ಪಾದ ಮುಳುಗುವಷ್ಟಿದ್ದ ಕಡೆ ಈಗ ತೊಡೆಯವರೆಗೆ ನೀರು. ತಳದಲ್ಲಿ ಚೂಪಾದ ಹವಳ. ಬೆಳದಿಂಗಳಿದ್ದಿದ್ದರೆ ತಳವಾದರೂ ಕಾಣುತ್ತಿತ್ತೇನೋ. ಅಂದು ಚಂದ್ರನೇ ಕೈಕೊಟ್ಟಿದ್ದ. ನಾವು ಯಾವುದನ್ನು ನೋಡಲು ಕೂತಿದ್ದೆವೋ ಅದೇ ನಮ್ಮ ದಾರಿಯನ್ನು ಕತ್ತಲು ಮಾಡುತ್ತಿತ್ತು.

ಕೂಗಿಕೊಂಡೆವು. ದಡದಲ್ಲಿ ಎಳನೀರು ಮಾರುತ್ತಿದ್ದ ವಯಸ್ಸಾದವರೊಬ್ಬರು ನಾವು ಹೋಗಿದ್ದನ್ನು ನೋಡಿದ್ದರಂತೆ, ವಾಪಸ್ ಬರಲಿಲ್ಲವಲ್ಲ ಎಂದು ಟಾರ್ಚ್ ಹಿಡಿದು ಬಂದಿದ್ದರು. ನೇರವಾಗಿ ಬರಬೇಡಿ ಎಂದು ಬಂಗಾಳಿ ಬೆರೆತ ಹಿಂದಿಯಲ್ಲಿ ಕೂಗಿದರು. ಎಡಕ್ಕೆ ಸುತ್ತಿ ಎತ್ತರದ ಕಲ್ಲಿನ ಮೇಲೇ ನಡೆಯಬೇಕು, ಪಾದ ಎತ್ತಬಾರದು, ಉಜ್ಜಿಕೊಂಡು ಬರಬೇಕು. ಅವರ ಟಾರ್ಚೇ ನಮಗೆ ಗುರುತು. ಟವೆಲ್ಲಿಗೆ ಟವೆಲ್ ಗಂಟು ಹಾಕಿ ಮಂಡ್ಯದವನನ್ನು ನಡುವೆ ಹಿಡಿದುಕೊಂಡೆವು. ಸೊಂಟದವರೆಗೆ ನೀರು ಬಂದ ಕಡೆ ಅವನು ಒಂದು ಮಾತೂ ಆಡಲಿಲ್ಲ. ನನ್ನ ಮುಂಗೈಯನ್ನು ಹಿಡಿದ ಹಿಡಿತ ಮಾತ್ರ ನನಗೆ ಇಂದಿಗೂ ನೆನಪಿದೆ. ಅಷ್ಟು ದೂರವನ್ನು ಮಧ್ಯಾಹ್ನ ಹತ್ತು ನಿಮಿಷದಲ್ಲಿ ನಡೆದಿದ್ದೆವು. ಈಗ ಮುಕ್ಕಾಲು ಗಂಟೆ ಹಿಡಿಯಿತು.

ಅವರ ಮನೆಯಲ್ಲಿ ಮಂಡ್ಯದವನ ಪಾದಕ್ಕೆ ಚುಚ್ಚಿದ್ದ ಮುಳ್ಳುಗಳನ್ನು ತೆಗೆದು, ಬಿಸಿನೀರಿನಲ್ಲಿ ಕಾಲಿಡಿಸಿ ಕೂರಿಸಿದರು. ಅವರ ಹೆಂಡತಿ ಚಹಾ ಕೊಟ್ಟರು. ದುಡ್ಡು ಕೊಡಲು ಹೋದರೆ ಬೈದರು. "ಇವತ್ತು ಹುಣ್ಣಿಮೆ ಅಂತ ಗೊತ್ತಿತ್ತು ತಾನೆ? ನಿಮ್ಮ ಊರಲ್ಲಿ ಸಮುದ್ರ ಇಲ್ಲವೇ?" ಕುಂದಾಪುರದವನು ತಲೆ ಎತ್ತಲಿಲ್ಲ. ಹೊರಗೆ ಅಂಗಳದಲ್ಲಿ ಚಂದ್ರ ತಾಮ್ರದ ತಟ್ಟೆಯಾಗಿದ್ದ. ಧಾರವಾಡದವನು ಕ್ಯಾಮೆರಾ ಚೀಲದಿಂದ ತೆಗೆಯಲೇ ಇಲ್ಲ.

ನಾವು ಮೋಸ ಹೋಗಿದ್ದು ಹೇಗೆ ಎಂದು ಆಮೇಲೆ ತಿಳಿಯಿತು. ಇಳಿತದಿಂದ ಉಬ್ಬರಕ್ಕೆ ಆರು ಗಂಟೆ ಚಿಲ್ಲರೆ. ಆದರೆ ನೀರು ಒಂದೇ ಸಮನೆ ಏರುವುದಿಲ್ಲ. ಏರುವ ನೀರನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಬರುವುದು ಒಂದೇ ಪಾಲು, ಎರಡನೆಯ ಗಂಟೆಯಲ್ಲಿ ಎರಡು, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು. ಮೊದಲ ಗಂಟೆ ನೋಡಿ ಧೈರ್ಯ ತಂದುಕೊಂಡವರು ಮೂರನೆಯ ಗಂಟೆಯಲ್ಲಿ ಸಿಕ್ಕಿಬೀಳುತ್ತಾರೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಈ ಏರಿಳಿತ ಇನ್ನೂ ಜಾಸ್ತಿ, ಅಂಡಮಾನ್‌ನಲ್ಲಿ ಎರಡು ಮೀಟರ್ ಹತ್ತಿರ. ನಮ್ಮ ಮರೀನಾದಲ್ಲಿ ಅದರ ಅರ್ಧದಷ್ಟು. ಅದಕ್ಕೇ ಚೆನ್ನೈಯಲ್ಲಿ ಎಷ್ಟು ವರ್ಷ ಇದ್ದರೂ ನಮಗೆ ಇದರ ಅಂದಾಜು ಸಿಗುವುದಿಲ್ಲ.

ಆದ್ದರಿಂದ ಹೋಗುವವರು ಒಂದು ಕೆಲಸ ಮಾಡಿ. ಹೋಟೆಲ್ ಬುಕ್ ಮಾಡುವ ಮೊದಲು ಪಂಚಾಂಗ ನೋಡಿ, ತಿಥಿ ಯಾವುದು ಅಂತ. ಸರ್ವೇ ಆಫ್ ಇಂಡಿಯಾದವರು ಪ್ರತಿ ವರ್ಷ ಉಬ್ಬರವಿಳಿತದ ವೇಳಾಪಟ್ಟಿ ಪ್ರಕಟಿಸುತ್ತಾರೆ, ಈಗ ಫೋನಿನಲ್ಲೂ ಸಿಗುತ್ತದೆ. ಇವತ್ತಿನ ಹೊತ್ತು ನಾಳೆಗೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ ಎನ್ನುವುದು ನೆನಪಿರಲಿ. ನೀರು ತೀರಾ ಇಳಿಯುವುದಕ್ಕೆ ಒಂದು ಗಂಟೆ ಮೊದಲೇ ಕಲ್ಲಿಗೆ ಇಳಿಯಿರಿ, ನೀರು ತಿರುಗಿತು ಎಂದಾಗ ದಡದ ಕಡೆ ಮುಖ ಮಾಡಿ. ಇಷ್ಟಾದರೂ ಎಳನೀರು ಮಾರುವವರನ್ನು ಒಂದು ಮಾತು ಕೇಳಿಯೇ ಹೋಗಿ.

ಮರುದಿನ ಬೂತಿನಿಂದ ಊರಿಗೆ ಫೋನ್ ಮಾಡಿದೆ. ಚೆನ್ನೈಯಿಂದ ಸಮುದ್ರದಡಿಯ ಕೇಬಲ್ ಬಂದದ್ದು 2020ರಲ್ಲಿ. ಆಗೆಲ್ಲ ಉಪಗ್ರಹದ ಸಂಪರ್ಕ, ಮಾತು ಹೋಗಿ ಬರಲು ಒಂದು ಕ್ಷಣ ತಡ. ಅಮ್ಮ ಕೇಳಿದಳು, "ಗ್ರಹಣದ ಹೊತ್ತಲ್ಲಿ ಹೊರಗೆ ಹೋಗಿರಲಿಲ್ಲ ತಾನೆ?" ಆ ತಡದ ಕ್ಷಣ ನನಗೆ ಉಪಯೋಗಕ್ಕೆ ಬಂತು. "ಇಲ್ಲಮ್ಮ, ಮನೇಲೇ ಇದ್ವಿ" ಅಂದೆ. ಇವತ್ತು ಅವಳೂ ಈ ಕಾರ್ಯಕ್ರಮ ಕೇಳುತ್ತಿದ್ದರೆ, ಅಮ್ಮ, ತಪ್ಪಾಯ್ತು.

ಮುಂದಿನ ಹಾಡಿನ ಸಮಯವಾಯಿತು. ನಮಸ್ಕಾರ.