ಸಮುದ್ರಕ್ಕೇ ಟೋಲ್ ಹಾಕಿದವರ ಕೋಟೆ

ಒಮಾನ್‌ಗೆ ಹೋಗಿ ಬಂದವರನ್ನ ಒಂದ್ಸಲ ಕೇಳಿ ನೋಡಿ. ದೊಡ್ಡ ಮಸೀದಿ ನೋಡಿದ್ವಿ, ಬೀಚಿಗೆ ಹೋದ್ವಿ, ಖರ್ಜೂರ ತಂದ್ವಿ ಅಂತಾರೆ. ಕೋಟೆ? ದೂರದಿಂದ ಒಂದು ಫೋಟೋ ತೆಗೆದ್ವಿ ಅಂತಾರೆ, ಅಷ್ಟೇ. ಆದರೆ ಆ ಫೋಟೋದಲ್ಲಿರೋ ಕೋಟೆಗೂ ನಮ್ಮ ಕುಂದಾಪುರದ ಕಡೆಯ ಅಕ್ಕಿಗೂ ಸಂಬಂಧ ಇದೆ ಅಂದ್ರೆ ನಂಬ್ತೀರಾ?

ಹಳೇ ಮಸ್ಕತ್ ಬಂದರಿನ ಎರಡು ಬದಿಯ ಬಂಡೆಗಳ ಮೇಲೆ ಎರಡು ಕೋಟೆಗಳಿವೆ. ಒಂದು ಜಲಾಲಿ, ಇನ್ನೊಂದು ಮಿರಾನಿ. 1507ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಈ ಊರಿಗೆ ಬೆಂಕಿಯಿಟ್ಟು ವಶಪಡಿಸಿಕೊಂಡ. 1580ರ ದಶಕದಲ್ಲಿ ಪೋರ್ಚುಗೀಸರು ಈ ಕೋಟೆಗಳನ್ನು ಕಟ್ಟಿಸಿದರು. ಆಗ ಅರಬ್ಬಿ ಸಮುದ್ರದಲ್ಲಿ ವ್ಯಾಪಾರದ ಹಡಗು ಓಡಬೇಕಂದ್ರೆ ಅವರಿಂದ 'ಕಾರ್ತಾಜ್' ಅನ್ನೋ ಪರವಾನಗಿ ಚೀಟಿ ಪಡೆಯಬೇಕಿತ್ತು, ಅವರ ಬಂದರಿನಲ್ಲಿ ಸುಂಕ ಕಟ್ಟಬೇಕಿತ್ತು. ಚೀಟಿ ಇಲ್ಲದ ಹಡಗು ಜಪ್ತಿ. ಇವತ್ತಿನ ಮಾತಿನಲ್ಲಿ ಹೇಳೋದಾದ್ರೆ, ಸಮುದ್ರಕ್ಕೇ ಟೋಲ್ ಗೇಟ್!

ಸರಿ, ಟೋಲ್ ಗೇಟ್ ಕಾಯೋ ಸೈನಿಕನಿಗೆ ಊಟ ಎಲ್ಲಿಂದ? ಮಸ್ಕತ್ ಸುತ್ತ ಬೋಳು ಬೆಟ್ಟ. ಮೀನಿದೆ, ಖರ್ಜೂರ ಇದೆ, ಭತ್ತದ ಗದ್ದೆ ಇಲ್ಲ. ಹಾಗಾಗಿ ನಮ್ಮ ಕರಾವಳಿಯ ಅಕ್ಕಿ ಹಡಗು ಹತ್ತಿ ಅಲ್ಲಿಗೆ ಹೋಗ್ತಿತ್ತು. ಪೋರ್ಚುಗೀಸರು 1568ರಲ್ಲಿ ಮಂಗಳೂರು, 1569ರಲ್ಲಿ ಹೊನ್ನಾವರ, ಬಸ್ರೂರು ಹಿಡಿದರು. ಕಾಳುಮೆಣಸಿನ ಆಸೆ ಒಂದು ಕಡೆ. ಅದರ ಜೊತೆಗೆ ಅವರಿಗೆ ಬೇಕಿದ್ದದ್ದು ಈ ಅಕ್ಕಿ.

ಈಗ ಎರಡು ದಂಡೆಯನ್ನೂ ಒಟ್ಟಿಗೆ ನೋಡಿ. 1650ರಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಮಸ್ಕತ್‌ನಿಂದ ಪೋರ್ಚುಗೀಸರನ್ನು ಓಡಿಸಿದರು. ಅದಾದ ನಾಲ್ಕೈದು ವರ್ಷದೊಳಗೆ ಈ ಕಡೆ ಕೆಳದಿಯ ಶಿವಪ್ಪನಾಯಕರು ಹೊನ್ನಾವರ, ಬಸ್ರೂರು, ಮಂಗಳೂರು ಕೋಟೆಗಳನ್ನು ಅವರ ಕೈಯಿಂದ ಕಿತ್ತುಕೊಂಡರು.

ಹಾಗಂತ ಇದನ್ನ ಸಿನಿಮಾ ಕಥೆ ಮಾಡ್ಬೇಡಿ. ಪೋರ್ಚುಗೀಸರು ಆಮೇಲೆ ಒಪ್ಪಂದ ಮಾಡಿಕೊಂಡು ನಮ್ಮ ಕರಾವಳಿಗೆ ಮತ್ತೆ ಬಂದರು. ಅರಬರ ವ್ಯಾಪಾರಕ್ಕೆ ಅಡ್ಡಿ ಮಾಡಿದರು. ಆ ಸಿಟ್ಟಿಗೆ 1695ರಲ್ಲಿ ಅರಬರು ಮಂಗಳೂರಿಗೇ ಬೆಂಕಿ ಇಟ್ಟರು. ಸುಂಕಕ್ಕಾಗಿ ದೊಡ್ಡವರು ಜಗಳ ಆಡಿದ್ರು, ಸುಟ್ಟಿದ್ದು ಬಂದರಿನ ಸಾಮಾನ್ಯ ಜನರ ಮನೆ. ಸಮುದ್ರ ಮಾರ್ಗದ ಮೇಲೆ ಯಾರು ಹಿಡಿತ ಸಾಧಿಸಿದರೂ ಅದರ ಬಿಲ್ ಬರೋದು ದಡದಲ್ಲಿ ಇರೋರಿಗೆ. ಇವತ್ತು ಹೋರ್ಮುಜ್ ಜಲಸಂಧಿಯಲ್ಲಿ ಗಲಾಟೆ ಅಂದ್ರೆ ನಮ್ಮ ಪೆಟ್ರೋಲ್ ಬಂಕಿನಲ್ಲಿ ಎದೆ ಡವಡವ ಅನ್ನೋದೂ ಇದೇ ಲೆಕ್ಕ.

ಒಮಾನ್‌ಗೆ ಹೋಗೋರಿದ್ದೀರಾ? ಮಸ್ಕತ್‌ಗೇ ನಿಲ್ಲಬೇಡಿ. ಪಶ್ಚಿಮಕ್ಕೆ ಬಾತಿನಾ ಕರಾವಳಿ ಹಿಡಿದು ಹೊರಡಿ. ಸವಾದಿ ಬೀಚಿನಲ್ಲಿ ನೀರು ಇಳಿದಾಗ ಎದುರಿನ ದ್ವೀಪಕ್ಕೆ ನಡೆದೇ ಹೋಗಬಹುದು; ನೀರು ಏರುವ ಹೊತ್ತು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ. ಒಳಗಡೆ ನಖಲ್ ಕೋಟೆ ಇದೆ. ಇಂಜಿನಿಯರಿಂಗ್ ಓದಿದವನ ಕಣ್ಣಿಗೆ ಅದು ಹಬ್ಬ: ಬಂಡೆಯನ್ನು ಒಡೆದು ಸಮ ಮಾಡಿಲ್ಲ, ಬಂಡೆ ಹೇಗೆ ತಿರುಗಿದೆಯೋ ಗೋಡೆಯೂ ಹಾಗೇ ತಿರುಗಿದೆ. ಇನ್ನೂ ಮುಂದೆ ಹೋದರೆ ಸೊಹಾರ್‌ನ ಬಿಳಿ ಕೋಟೆ.

ಅಲ್ಲೇ ದುಡಿಯುತ್ತಿರುವ ನಮ್ಮ ಕರಾವಳಿಯವರಿಗೆ ಒಂದು ಮಾತು. ಮುಂದಿನ ಶುಕ್ರವಾರ ರಜೆಗೆ ಮಾಲ್ ಬೇಡ, ಮಕ್ಕಳನ್ನ ಮತ್ರಾದ ಸಮುದ್ರದಂಡೆಗೆ ಕರ್ಕೊಂಡು ಹೋಗಿ. ಮೇಲೆ ಕಾಣೋ ಕೋಟೆಯನ್ನ ಯಾರು ಕಟ್ಟಿಸಿದ್ರು ಅಂತ ಅಲ್ಲಿನವರು ಹೇಳ್ತಾರೆ. ಈ ಊರಿಗೆ ಅಕ್ಕಿ ಎಲ್ಲಿಂದ ಬರ್ತಿತ್ತು ಅನ್ನೋದನ್ನ ನೀವು ಹೇಳಿ. ಊರಿಗೆ ರಜೆಗೆ ಬಂದಾಗ ಬಸ್ರೂರಿಗೂ ಒಮ್ಮೆ ಕರ್ಕೊಂಡು ಹೋಗಿ, ಕಥೆಯ ಇನ್ನರ್ಧ ಅಲ್ಲಿದೆ.