ಬೇಲಿ ಹಾಕಿ, ಉಣಗೋಲು ಬಿಡಿ: ಊರ ಕಡೆ ಒಂದು ಪುಟ್ಟ ಮನೆ



ಮುಂಬಯಿ, ಪುಣೆ ಕಡೆ ಇರೋ ನಮ್ಮ ಜನ ಐವತ್ತು ದಾಟಿದ ಮೇಲೆ ಒಂದು ಮಾತು ಆಡೇ ಆಡ್ತಾರೆ. "ಊರ ಕಡೆ ಒಂದು ಸಣ್ಣ ಮನೆ ಕಟ್ಕೋಬೇಕು ಮಾರಾಯ್ರೆ." ಎರಡು ಕೋಣೆ, ಮುಂದೊಂದು ಜಗಲಿ, ಹಿತ್ತಲಲ್ಲಿ ನಾಲ್ಕು ಬಾಳೆ, ಇಷ್ಟೇ ಆಸೆ. ಶಿರಸಿ-ಸಿದ್ದಾಪುರದ ಕಡೆ ಅಂಥದ್ದೊಂದು ಮನೆ ಕಟ್ಟಿದ ಅನುಭವದ ಮೇಲೆ ಇವತ್ತು ನಾಲ್ಕು ಮಾತು. ಸಿಮೆಂಟು, ಕಬ್ಬಿಣದ ರೇಟು ನಾನು ಹೇಳಲ್ಲ, ಅದನ್ನ ಮೇಸ್ತ್ರಿ ಹೇಳ್ತಾರೆ. ಮೇಸ್ತ್ರಿ ಹೇಳದೇ ಇರೋದನ್ನ ಹೇಳ್ತೀನಿ.

ಮೊದಲು ಜಾಗ. ಕರ್ನಾಟಕದಲ್ಲಿ 2020ರ ತಿದ್ದುಪಡಿ ಆದಮೇಲೆ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಹೋದವು. ಹಾಗಾಗಿ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಆದರೆ ಕೊಂಡ ಮಾತ್ರಕ್ಕೆ ಎಲ್ಲಿ ಬೇಕೋ ಅಲ್ಲಿ ಮನೆ ಕಟ್ಟೋ ಹಾಗಿಲ್ಲ. ವಾಸದ ಮನೆಗೆ ಭೂಪರಿವರ್ತನೆ ಆಗಬೇಕು, ತೋಟ ನೋಡಿಕೊಳ್ಳೋಕೆ ಕಟ್ಟೋ ತೋಟದ ಮನೆಗೆ ನಿಯಮ ಬೇರೆ. ಪಹಣಿ, ಸರ್ವೆ ನಕ್ಷೆ ಎರಡನ್ನೂ ಊರಿನ ವಕೀಲರ ಹತ್ತಿರ ತೋರಿಸಿ.

ಉತ್ತರ ಕನ್ನಡದಲ್ಲಿ ಇನ್ನೊಂದು ಸಂಗತಿ ಇದೆ, ಸೊಪ್ಪಿನ ಬೆಟ್ಟ. ಅಡಿಕೆ ತೋಟ ಇದ್ದವರಿಗೆ ಗೊಬ್ಬರಕ್ಕೆ ಸೊಪ್ಪು, ದರಕು ತರೋಕೆ ಕಾಡಿನ ಒಂದು ಭಾಗ ಬಿಟ್ಟುಕೊಟ್ಟ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಇರಬಹುದು. ಅದು ಸೌಲಭ್ಯ, ಒಡೆತನ ಅಲ್ಲ. ದಲ್ಲಾಳಿ "ತೋಟದ ಜೊತೆ ಬೆಟ್ಟವೂ ಬರ್ತದೆ ಸಾರ್, ಮೇಲೆ ಒಳ್ಳೆ ವ್ಯೂ ಇದೆ, ಅಲ್ಲೇ ಕಾಟೇಜ್ ಕಟ್ಟಿ" ಅಂದ್ರೆ ಅಲ್ಲಿಂದಲೇ ಕೈ ಮುಗಿದು ಎದ್ದು ಬನ್ನಿ.

ಜಾಗ ಯಾವಾಗ ನೋಡಬೇಕು? ನಾವು ನೋಡೋದು ಡಿಸೆಂಬರ್ ರಜೆಯಲ್ಲಿ. ಆಗ ಎಲ್ಲ ಚಂದವೇ. ನಮ್ಮ ಪಕ್ಕದ ತೋಟದ ಅಜ್ಜ ನನಗೆ ಹೇಳಿದ್ದು ಒಂದೇ ಮಾತು. "ತಮಾ, ಜಾಗ ನೋಡೋದಾದ್ರೆ ಜುಲೈನಲ್ಲಿ ನೋಡು." ನೋಡಿದೆ. ಬೇಸಿಗೆಯಲ್ಲಿ ಸಮತಟ್ಟಾಗಿ ಕಂಡಿದ್ದ ಜಾಗದ ನಡುವೆಯೇ ಗುಡ್ಡದ ನೀರು ಇಳೀತಿತ್ತು. ಮನೆ ಆ ಕಾಲುವೆಗೆ ಮೂವತ್ತು ಅಡಿ ಮೇಲಕ್ಕೆ ಹೋಯ್ತು.

ನೀರಿನ ಹಾಗೇ ಜನಕ್ಕೂ ದಾರಿ ಇರ್ತದೆ. ನಕ್ಷೆಯಲ್ಲಿ ಇಲ್ಲದ ಕಾಲುದಾರಿ ನಿಮ್ಮ ಜಾಗದಲ್ಲಿ ಹಾದುಹೋಗ್ತಿರಬಹುದು. ಶಾಲೆಗೆ ಹೋಗೋ ಮಕ್ಕಳು, ಡೇರಿಗೆ ಹಾಲು ಒಯ್ಯೋ ಅಕ್ಕ, ಕೊಟ್ಟಿಗೆಯಿಂದ ಬೇಣಕ್ಕೆ ಹೊರಟ ದನ. ನಗರದಿಂದ ಬಂದವರು ಮೊದಲು ಮಾಡೋ ಕೆಲಸ ಕಂಬ ನೆಟ್ಟು ತಂತಿ ಬೇಲಿ ಎಳೆಯೋದು. ಜಗಳ ಅಲ್ಲಿಂದಲೇ ಶುರು. ಕಾನೂನು ಕೂಡ ಬೇಲಿಯವನ ಪರ ಇರಲೇಬೇಕು ಅಂತಿಲ್ಲ. 1882ರ ಈಸ್‌ಮೆಂಟ್ಸ್ ಕಾಯ್ದೆ ಪ್ರಕಾರ 20 ವರ್ಷ ತಡೆಯಿಲ್ಲದೆ, ಎಲ್ಲರಿಗೂ ಕಾಣೋ ಹಾಗೆ, ಹಕ್ಕಿನಿಂದ ಓಡಾಡಿದ ದಾರಿಗೆ ಹಕ್ಕು ಹುಟ್ಟುತ್ತದೆ. ಆದರೆ ಕೋರ್ಟಿನವರೆಗೆ ಹೋದ ದಾರಿಯಲ್ಲಿ ಆಮೇಲೆ ಯಾರೂ ಮಾತಾಡಿಸಿಕೊಂಡು ಓಡಾಡಲ್ಲ.

ನಮ್ಮ ಹಿರಿಯರು ಇದಕ್ಕೆ ಉಣಗೋಲು ಮಾಡಿದ್ದರು. ಕೆಲವು ಕಡೆ ದಣಪೆ ಅಂತಾರೆ. ಎರಡು ಕಂಬಕ್ಕೆ ತೂತು, ಅಡ್ಡ ಬಿದಿರಿನ ಗಳ. ಗಳ ಸರಿಸಿದರೆ ಮನುಷ್ಯ ದಾಟ್ತಾನೆ, ಹಾಕಿದರೆ ದನ ನಿಲ್ತದೆ. ಬೇಲಿ ಹಾಕಿ, ಬೇಡ ಅನ್ನಲ್ಲ. ಹಾಕೋ ಮುಂಚೆ ಸುತ್ತಲಿನ ನಾಲ್ಕು ಮನೆಯವರನ್ನ ಕರೆದು "ದಾರಿ ಎಲ್ಲಿ ಬಿಡಲಿ?" ಅಂತ ಕೇಳಿ.

ಇನ್ನು ಕಟ್ಟೋ ಕಾಲ. ಜೂನ್‌ನಿಂದ ಮಳೆ, ಹಾಗಾಗಿ ಕೆಲಸ ನವೆಂಬರ್‌ನಿಂದ ಮೇ ಒಳಗೆ ಆಗಬೇಕು. ಆದರೆ ಕೊನೆಕೊಯ್ಲೂ ಅದೇ ಹೊತ್ತಿಗೆ ಶುರು. ಅಡಿಕೆ ಇಳಿಸೋಕೆ, ಸುಲಿಯೋಕೆ, ಬೇಯಿಸೋಕೆ, ಒಣಗಿಸೋಕೆ ಎಲ್ಲದಕ್ಕೂ ಆಳು ಬೇಕು. ನಾವು ಪುಣೆ ಲೆಕ್ಕದಲ್ಲಿ ದಿನಗೂಲಿಗೆ ಇನ್ನೂರು ಜಾಸ್ತಿ ಕೊಟ್ಟರೆ ನಮ್ಮ ಗೋಡೆ ಬೇಗ ಏಳ್ತದೆ, ಪಕ್ಕದವರ ಕೊನೆ ಮರದಲ್ಲೇ ಹಣ್ಣಾಗ್ತದೆ. ಅವರಿಗೆ ಅದು ಇಡೀ ವರ್ಷದ ಆದಾಯ. ಮುಖದ ಮೇಲೆ ಯಾರೂ ಬೈಯಲ್ಲ, ಚಹಾ ಕೊಟ್ಟೇ ಕಳಿಸ್ತಾರೆ, ಆದರೆ ಮರೆಯೋದಿಲ್ಲ. ಊರಿನ ಕೂಲಿ ಎಷ್ಟೋ ಅಷ್ಟೇ ಕೊಡಿ. ಕೊಯ್ಲು ಜೋರಿರೋ ವಾರಗಳಲ್ಲಿ ಕೆಲಸ ನಿಲ್ಲಿಸಿ. ಸಂಜೆ ಅಡಿಕೆ ಸುಲಿಯೋ ಮನೆಗೆ ಹೋಗಿ, ಮೆಟ್ಟುಗತ್ತಿ ಮುಂದೆ ಕೂತುಕೊಳ್ಳಿ. ನಿಮ್ಮ ಕೈಯಲ್ಲಿ ಆಗೋದು ಅಷ್ಟರಲ್ಲೇ ಇದೆ, ಪರವಾಗಿಲ್ಲ. ಯಾವ ಬಾವಿ ಏಪ್ರಿಲ್‌ನಲ್ಲಿ ಬತ್ತುತ್ತದೆ, ಯಾವ ಬಡಗಿ ಹೇಳಿದ ದಿನ ಬರ್ತಾನೆ ಅನ್ನೋದೆಲ್ಲ ಗೊತ್ತಾಗೋದು ಅಲ್ಲೇ.

ಮನೆ ವಿಷಯ ಚುಟುಕಾಗಿ. ಚಿರೇಕಲ್ಲು ಕಡಿದಾಗ ಮೆತ್ತಗಿರ್ತದೆ, ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗ್ತದೆ. ತಂದ ತಕ್ಷಣ ಕಟ್ಟಬೇಡಿ. ಮಾಡಿಗೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಶುರು ಮಾಡಿದ ಆ ಹೆಂಚು ಇವತ್ತಿಗೂ ಈ ಮಳೆಗೆ ಸರಿಯೇ. ಸೂರು ಗೋಡೆಯಿಂದ ಮೂರು ಅಡಿಯಾದರೂ ಮುಂದೆ ಬರಲಿ, ಇಲ್ಲದಿದ್ದರೆ ಇರಚಲು ಗೋಡೆ ತಿನ್ನುತ್ತದೆ. ಮಂಗ ಹೆಂಚು ಒಡೆದೇ ಒಡೆಯುತ್ತದೆ, ಐವತ್ತು ಹೆಂಚು ಹೆಚ್ಚು ತಂದಿಡಿ.

ಮಂಗ ಅಂದ ಮೇಲೆ ಇದನ್ನೂ ಹೇಳಲೇಬೇಕು. ಮಂಗನ ಕಾಯಿಲೆ, ಕೆಎಫ್‌ಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಗುರುತಿಸಿದ್ದು, ಸಿದ್ದಾಪುರದ ಕಡೆಯೂ ಬಂದಿದೆ. ಹರಡೋದು ಉಣ್ಣೆಗಳಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ. ಅಂದರೆ ನಾವು ಕಟ್ಟೋ ಕಾಲವೇ. ಕಾಡಲ್ಲಿ ಮಂಗ ಸತ್ತು ಬಿದ್ದರೆ ಮೊದಲು ಗೊತ್ತಾಗೋದು ನೆರೆಯವರಿಗೆ. ಅವರು "ಆ ಕಡೆ ಹೋಗಬೇಡಿ" ಅಂದರೆ ಹೋಗಬೇಡಿ. ನೀವೇ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ಹೇಳಿ.

ಕೊನೆಗೆ ಬೀಗದ ಕೈ. ನಾವು ವರ್ಷಕ್ಕೆ ಎರಡು ತಿಂಗಳು ಇದ್ದರೆ ಹೆಚ್ಚು. ಮಳೆಗಾಲದಲ್ಲಿ ಮುಚ್ಚಿಟ್ಟ ಮನೆಗೆ ಬೂಸ್ಟು, ಒರಲೆ ಹಿಡೀತದೆ. ವಾರಕ್ಕೊಮ್ಮೆ ಯಾರಾದರೂ ಬಾಗಿಲು ತೆಗೆದು ಒಲೆ ಹೊತ್ತಿಸಬೇಕು. ಮುಂಬಯಿಯಲ್ಲಿ ಶೇಜಾರಿಯ ಹತ್ತಿರ ಕೀಲಿ ಇಡೋ ಹಾಗೆ ಇಲ್ಲೂ ಇಡಿ, ಸಿಸಿಟಿವಿ ಬಾಗಿಲು ತೆಗೆಯೋದಿಲ್ಲ. ಮಾಡಿದ ಕೆಲಸಕ್ಕೆ ಸಂಬಳ ಕೊಡ್ತೀನಿ ಅಂದ್ರೆ ಕೆಲವರು ಬೇಸರ ಮಾಡ್ಕೋತಾರೆ. ಆಗ ಮುಯ್ಯಿ ಬೇರೆ ರೀತಿಯಲ್ಲಿ ತೀರಿಸಬೇಕು.

ಹೇಗೆ? ಈ ಊರುಗಳ ಮಕ್ಕಳು ಬೆಂಗಳೂರು, ಪುಣೆ ಸೇರಿದ್ದಾರೆ. ಮನೆಯಲ್ಲಿರೋದು ಎಪ್ಪತ್ತರ ಮೇಲಿನವರು. ದೊಡ್ಡ ಕಾಯಿಲೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕು, ಶಿರಸಿಯಿಂದ ಹುಬ್ಬಳ್ಳಿಯೇ ಸುಮಾರು ನೂರು ಕಿಲೋಮೀಟರ್. ರಾತ್ರಿ ಹತ್ತಕ್ಕೆ "ಅಜ್ಜಂಗೆ ಎದೆನೋವು" ಅಂತ ಫೋನ್ ಬಂದಾಗ ಊರಲ್ಲಿ ಕಾರು ಇರೋದು ನಿಮ್ಮ ಹತ್ತಿರ ಮಾತ್ರ ಅಂತ ಆಗಬಹುದು. ರಜೆಗೆ ಬಂದಿದ್ದೀವಿ ಅನ್ನೋ ಮಾತು ಅವತ್ತು ನಡೆಯೋಲ್ಲ. ಆ ಫೋನಿಗೆ ಎದ್ದು ಗಾಡಿ ತೆಗೆಯೋ ಮನಸ್ಸಿದ್ದರೆ ಊರಲ್ಲಿ ಮನೆ ಕಟ್ಟಿ. ಇಲ್ಲದಿದ್ದರೆ ಹೋಮ್‌ಸ್ಟೇಗಳು ಬೇಕಾದಷ್ಟಿವೆ, ನಾಲ್ಕು ದಿನ ಇದ್ದು ಬನ್ನಿ, ಅದೂ ತಪ್ಪಲ್ಲ.

ಜಾಗ ನೋಡೋಕೆ ಹೊರಟಿದ್ದರೆ ಟಿಕೆಟ್ ಜುಲೈಗೆ ಮಾಡಿಸಿ, ಕೊಡೆ ಮರೀಬೇಡಿ.